ತೊಳೆದು ಕುಡಿದ ತಟ್ಟೆ

ಇಂಗಳೇಶ್ವರ
೨೨ ಸೆಪ್ಟೆಂಬರ್ ೨೦೨೪

ಮಗಳು ಭಾಗ್ಯಜ್ಯೋತಿಗೆ ನಿನ್ನ ಅವ್ವ ಸಿದ್ದಲಿಂಗವ್ವ ಬರೆಯುವುದು. ಬಸವಣ್ಣನ ಕೈ ನಿನ್ನ ತಲೆಯ ಮೇಲಿರಲಿ.

ನಿನ್ನನ್ನು ಇಂಡಿಯಲ್ಲಿ ಚಿಗವ್ವನ ಮನೆಯಲ್ಲಿ ಬಿಟ್ಟು ಬಂದು ವಾರವಾಯಿತು. ಏಳನೆಯ ಇಯತ್ತೆ ಕಲಿತವಳು ನಾನು. ಹೊಸದಾಗಿ ಮದುವೆಯಾದಾಗ ತವರಿಗೆ ಒಂದೆರಡು ಕಾಗದ ಬರೆದಿದ್ದೆ, ಆಮೇಲೆ ಪೆನ್ನು ಹಿಡಿದದ್ದು ಇವತ್ತೇ. ಅಂಚೆಯ ಬಸಂತರಾಯ ನಕ್ಕ. "ಏನ್ರೀ ಅಕ್ಕಾರ, ಕೈಯಾಗ ಫೋನ್ ಐತಿ, ಮಗಳ ಜೋಡಿ ಮಾತ ಬಿಟ್ಟೀರೇನು?" ಅಂದ. "ನಾ ಬಿಟ್ಟಿಲ್ಲಪಾ, ಮಾತಿನ ಡಾಕ್ಟರು ಬಿಡಿಸ್ಯಾರ" ಅಂದೆ.

ಆ ಮಾತಿನ ಡಾಕ್ಟರು, ಅಫ್ರೀನ ಮೇಡಂ, ನನ್ನನ್ನು ಬೇರೆ ಕೂಡಿಸಿ ಹೇಳಿದ್ದು ನಿನಗೆ ಗೊತ್ತಿದೆಯೋ ಇಲ್ಲವೋ. "ಅವ್ವಾರ, ನೀವು ಫೋನ್ ಹಚ್ಚಿದ ಕೂಡ್ಲೇ ಉಂಡಿಯಾ, ಏನುಂಡಿ, ಎಷ್ಟುಂಡಿ ಅಂತೀರಿ. ಆಕಿ ಉಂಡೆ ಅಂತಾಳ. ಅಲ್ಲಿಗೆ ಮಾತು ಮುಗೀತು. ಸದ್ಯಕ್ಕ ಬರೇ ಪತ್ರ ಬರೀರಿ. ಅದ್ರಾಗ ಊಟದ್ದೊಂದೂ ಪ್ರಶ್ನೆ ಇರಬಾರ್ದು ನೋಡ್ರಿ" ಅಂದರು.

ನಮ್ಮ ಕಡೆ ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ "ಊಟ ಆತೇನ್ರಿ" ಎಂದೇ ಮಾತಾಡಿಸುತ್ತೇವೆ. ಹೆತ್ತ ಮಗಳನ್ನು ಅದೊಂದು ಬಿಟ್ಟು ಇನ್ನೇನು ಕೇಳಬೇಕು? ಎಮ್ಮೆ ಆರಾಮ ಇದೆ. ತೊಗರಿ ಚೆನ್ನಾಗಿ ಎದ್ದಿದೆ. ನಿಮ್ಮಪ್ಪನ ಕೆಮ್ಮು ಹಾಗೇ ಇದೆ. ಇಷ್ಟು ಬರೆಯುವುದರಲ್ಲಿ ಕೈ ನಿಂತುಬಿಟ್ಟಿತು.

ನೀನು ಕಾಲೇಜಿಗೆ ಹೋಗುವಾಗ ಬಾಗೇವಾಡಿ ಬಸ್ಸಿನಲ್ಲಿ ಕುಸಿದುಬಿದ್ದೆ ಎಂದು ಜನ ಓಡಿಬಂದು ಹೇಳಿದಾಗಲೂ ನಾನು ಬಿಸಿಲು ಹತ್ತಿರಬೇಕು ಅಂದುಕೊಂಡೆ. ನಮ್ಮದು ಒಂದು ಅಗುಳು ಬಿಡದ ಮನೆ. ಲಿಂಗಕ್ಕೆ ತೋರಿಸಿದ ಮೇಲೆ ತಟ್ಟೆಯಲ್ಲಿರುವುದೆಲ್ಲ ಪ್ರಸಾದ. ಉಂಡಾದ ಮೇಲೆ ತಟ್ಟೆಗೆ ನೀರು ಹಾಕಿ, ತೊಳೆದು, ಆ ನೀರನ್ನೂ ಕುಡಿಯುತ್ತೇವೆ. ನಿನ್ನ ತಟ್ಟೆ ದಿನಾಲು ಕನ್ನಡಿಯಂತೆ ಇರುತ್ತಿತ್ತು. ನೀನೇ ಬಡಿಸಿಕೊಳ್ಳುತ್ತಿದ್ದೆ. ತಟ್ಟೆಗೆ ಬಿದ್ದದ್ದೆಷ್ಟು ಎಂದು ಯಾರು ನೋಡಿದರು? ಮೊದಲು ಸೋಮವಾರ ಬಿಟ್ಟೆ, ಆಮೇಲೆ ಗುರುವಾರ, ಈ ಸಲ ಶ್ರಾವಣ ಪೂರ್ತಿ. ಓಣಿಯ ಹೆಂಗಸರು "ನಿಮ್ಮ ಮಗಳು ಶರಣಿ ಅದಾಳ ಬಿಡ್ರಿ" ಅನ್ನುತ್ತಿದ್ದರು.

ಒಂದು ಮಾತು ಹೇಳುತ್ತೇನೆ, ಸಿಟ್ಟಾಗಬೇಡ. ಊಟದ ಡಾಕ್ಟರು ಅನೀಲಕುಮಾರ ಸರ್ ಇದ್ದಾರಲ್ಲ, ಅವರೊಬ್ಬರು ಸಾಕು. ಮಾತಿನ ಡಾಕ್ಟರ ಹತ್ತಿರ ಕೂತು ಏನು ಮಾಡುತ್ತೀ? ಹೊಟ್ಟೆಗೆ ಬಿದ್ದರೆ ಮನಸ್ಸು ತಾನೇ ದಾರಿಗೆ ಬರುತ್ತದೆ. ದೇವರ ಕಡೆಯಿಂದ ಆಗಬೇಕಾದದ್ದನ್ನು ನಾನು ಇಲ್ಲಿ ನೋಡಿಕೊಂಡಿದ್ದೇನೆ. ಅದೇನು ಎಂದು ಕೇಳಬೇಡ.

ನಿನ್ನ ಅವ್ವ


ಇಂಡಿ
೬ ಅಕ್ಟೋಬರ್ ೨೦೨೪

ಅವ್ವಾ,

ನಿನ್ನ ಪತ್ರ ಓದಿ ಚಿಗವ್ವ ಅತ್ತಳು. ನನಗೆ ಅಳು ಬರಲಿಲ್ಲ. ಅಳುವುದಕ್ಕೂ ಮೈಯಲ್ಲಿ ಕಸುವು ಬೇಕು ಎಂದು ಅನೀಲಕುಮಾರ ಸರ್ ಹೇಳುತ್ತಾರೆ.

ಇಲ್ಲಿ ಗಡಿಯಾರ ನೋಡಿ ಉಣ್ಣುತ್ತೇನೆ. ಹಸಿವಿಲ್ಲ ಅಂದೆ. "ನಿನ್ನ ಹಸಿವಿನ ಗಂಟಿ ಕೆಟ್ಟೈತಿ ತಂಗಿ, ಅದನ್ನ ನಂಬಬ್ಯಾಡ. ಅದು ರಿಪೇರಿ ಆಗೂತನಕ ಗ್ವಾಡಿ ಮ್ಯಾಲಿನ ಗಡಿಯಾರದ ಮ್ಯಾಲೆ ನಡಸೂಣು" ಅಂದರು ಸರ್. ತೂಗುವಾಗ ಕಾಟಾದ ಮೇಲೆ ಬೆನ್ನು ತಿರುಗಿಸಿ ನಿಲ್ಲಿಸುತ್ತಾರೆ. ಅಂಕಿ ಅವರಿಗೆ ಮಾತ್ರ ಗೊತ್ತು. ಮೊದಲ ದಿನ ಅದಕ್ಕೇ ಜಗಳ ತೆಗೆದೆ.

ಮಾತಿನ ಡಾಕ್ಟರು ಏನು ಮಾಡುತ್ತಾರೆ ಎಂದು ನೀನು ಕೇಳಿದ್ದೆ. ಉಣ್ಣುವಾಗ ನನ್ನ ಪಕ್ಕದಲ್ಲಿ ಕೂಡುತ್ತಾರೆ. ತುತ್ತು ಕೈಯಲ್ಲಿ ಹಿಡಿದಾಗ "ಈಗ ಒಳಗ ಯಾರು ಮಾತಾಡಾಕತ್ತಾರ?" ಎಂದು ಕೇಳುತ್ತಾರೆ. ಯಾರೂ ಇಲ್ಲ ಅನ್ನುತ್ತಿದ್ದೆ. ಕಡೆಗೊಂದು ದಿನ ಹೇಳಿದೆ. ಒಂದು ದನಿ ಇದೆ, ಅದು ನನ್ನನ್ನು ಹೊಟ್ಟೆಬಾಕಿ ಅನ್ನುತ್ತದೆ, ಉಣ್ಣದಿದ್ದರೆ ಮಾತ್ರ ಸುಮ್ಮನಿರುತ್ತದೆ. ಮೇಡಂ ಗಾಬರಿಯಾಗಲಿಲ್ಲ. "ಅದಕ್ಕ ಕುರ್ಚಿ ಕೊಡು, ಕೂಡ್ಲಿ. ಆದ್ರ ಉಣ್ಣಾಕಿ ನೀನು" ಅಂದರು. ಆವತ್ತು ನಕ್ಕುಬಿಟ್ಟೆ.

ಅವ್ವಾ, ನಾನು ದೇವರಿಗಾಗಿ ಉಪವಾಸ ಮಾಡಲಿಲ್ಲ. ದೇವರ ಹೆಸರು ಹೇಳಿದರೆ ಯಾರೂ ಒತ್ತಾಯ ಮಾಡುತ್ತಿರಲಿಲ್ಲ, ಅಷ್ಟೇ.

ತಟ್ಟೆ ತೊಳೆದು ಕುಡಿಯುವುದನ್ನು ಸದ್ಯಕ್ಕೆ ಬಿಡಿಸಿದ್ದಾರೆ. "ಇಲ್ಲಿ ತಟ್ಟಿ ಸ್ವಚ್ಛ ಆತೋ ಇಲ್ಲೋ ಯಾರೂ ನೋಡೂದಿಲ್ಲ, ನಿನ್ನ ಮುಖಾ ನೋಡ್ತೇವಿ" ಅನ್ನುತ್ತಾರೆ ಮೇಡಂ. ಉಂಡಿ, ಚಕ್ಕುಲಿ ಏನೂ ಕಳಿಸಬೇಡ. ಎಮ್ಮೆಯ ಸುದ್ದಿ ಬರೆ. ಅದು ಓದಲು ಹಗುರ.

ಭಾಗ್ಯಾ


ಇಂಗಳೇಶ್ವರ
೨೦ ಅಕ್ಟೋಬರ್ ೨೦೨೪

ಮಗಳೇ,

ನೀನು ನಕ್ಕೆ ಎಂದು ಓದಿ ಪತ್ರವನ್ನು ದೇವರ ಮಾಡದಲ್ಲಿ ಇಟ್ಟೆ. ಬಸವಣ್ಣ ಕೇಳಿಸಿಕೊಂಡಿದ್ದಾನೆ. ನಾನು ಬೇಡಿದ್ದು ವ್ಯರ್ಥವಾಗಲಿಲ್ಲ.

ದೇವರಿಗಲ್ಲ ಎಂದು ಒಂದು ಸಾಲು ಬರೆದಿದ್ದೀಯಲ್ಲ, ಅದನ್ನು ನಾನು ಓದಲಿಲ್ಲ ಎಂದು ತಿಳಿದುಕೊ. ಹಾಗೆಲ್ಲ ಬರೆಯಬಾರದು.

ಸುದ್ದಿ ಬರೆ ಅಂದಿದ್ದೀ, ಬರೆಯುತ್ತೇನೆ. ಸೀಗಿ ಹುಣ್ಣಿಮೆಯ ಮುಂದೆ ಬಳೆಗಾರ್ತಿ ರಹಿಮಾಬಿ ಬಂದಿದ್ದಳು. ಹಳೆಯ ಅಳತೆಯ ಬಳೆ ಹಾಕಿದರೆ ಮೊಣಕೈತನಕ ಜಾರಿ ಬರುತ್ತವೆ! "ಅಯ್ಯ ಅಕ್ಕಾರ, ಭಾಗ್ಯಾನ ಅಳತಿ ಬಳಿ ನಿಮಗೂ ಬರ್ತಾವ ನೋಡ್ರಿ. ಮುದುಕಿ ಆಗೂ ವ್ಯಾಳ್ಯಾದಾಗ ಹುಡಿಗಿ ಆಗಾಕತ್ತೀರೇನು?" ಎಂದು ಚೇಷ್ಟೆ ಮಾಡಿದಳು. ಓಣಿಯೆಲ್ಲ ನಕ್ಕಿತು. ನಿನ್ನ ಅಳತೆಯದೇ ಒಂದು ಡಜನ್ ಹಾಕಿಸಿಕೊಂಡೆ. ಕೈ ನೋಡಿದಾಗಲೆಲ್ಲ ನಿನ್ನ ನೆನಪು.

ಮುದ್ದೇಬಿಹಾಳಕ್ಕೆ ನಿಮ್ಮ ಅತ್ತೆಯ ಬಸುರಿ ಮಗಳ ಕುಬಸಕ್ಕೆ ಹೋಗಿ ಬಂದೆವು. ಎಂಥ ಜನ, ಎಂಥ ಅಡುಗೆ! ಬಡಿಸುವವರಿಂದ ತಪ್ಪಿಸಿಕೊಳ್ಳುವುದೇ ಒಂದು ಕೆಲಸ. ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಕೂಸುಗಳನ್ನು ಆಡಿಸುತ್ತ ಒಳಗಿನ ಕೋಣೆಯಲ್ಲಿ ಕೂತೆ. ಎಲ್ಲರೂ ನಿನ್ನನ್ನು ಕೇಳಿದರು. ಇಂಡಿಯಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಾಳೆ ಎಂದು ಹೇಳಿದ್ದೇನೆ. ನೀನೂ ಹಾಗೇ ಹೇಳು. ನಾಲತವಾಡದವರು ನಿನ್ನ ಜಾತಕ ಇನ್ನೂ ಇಟ್ಟುಕೊಂಡಿದ್ದಾರೆ.

ಈ ಸಲ ನನಗೆ ಚಳಿ ಬೇಗ ಹೊಕ್ಕಿದೆ. ಬಿಸಿಲಿನಲ್ಲಿ ಕೂತರೂ ಚಾದರ ಬೇಕು. ನಿಮ್ಮಪ್ಪ ಅಂಗಿ ತೆಗೆದು ಗಾಳಿ ಹಾಕಿಕೊಳ್ಳುತ್ತಾರೆ, ನಾನು ಪಕ್ಕದಲ್ಲಿ ಚಾದರ ಹೊದ್ದುಕೊಂಡಿರುತ್ತೇನೆ. ಎಮ್ಮೆ ಕೂಡ ತಿರುಗಿ ನೋಡುತ್ತದೆ.

ಅವ್ವ


ಇಂಡಿ
೪ ನವೆಂಬರ್ ೨೦೨೪

ಅವ್ವಾ,

ನೀನು ಯಾವಾಗ ಉಣ್ಣುತ್ತೀ?

ಊಟದ ಪ್ರಶ್ನೆ ಕೇಳಬಾರದು ಎಂಬ ನಿಯಮ ನಿನಗಿದೆ, ನನಗಿಲ್ಲ. ಅದಕ್ಕೇ ಕೇಳುತ್ತಿದ್ದೇನೆ.

ಬಳೆ ಜಾರುವುದು, ಬಿಸಿಲಲ್ಲಿ ಚಳಿ ಹತ್ತುವುದು, ಹೊಟ್ಟೆ ಸರಿಯಿಲ್ಲ ಎಂದು ಕೂಸುಗಳ ಕೋಣೆಗೆ ಹೋಗಿ ಕೂಡುವುದು. ನಿನ್ನ ಪತ್ರ ಓದುವಾಗ ನನ್ನದೇ ಹೋದ ವರ್ಷದ ಸುದ್ದಿಯನ್ನು ಬೇರೆಯವರು ಬರೆದ ಹಾಗಿತ್ತು. ಓಣಿಯೆಲ್ಲ ನಕ್ಕಿತು ಅಂದೆಯಲ್ಲ, ನನಗೆ ನಗು ಬರಲಿಲ್ಲ.

ಪತ್ರವನ್ನು ಅಫ್ರೀನ ಮೇಡಂಗೆ ತೋರಿಸಿದೆ. ಅವರು ಬಳೆಯ ಸಾಲನ್ನು ಎರಡು ಸಲ ಓದಿದರು.

ಭಾಗ್ಯಾ


ಇಂಗಳೇಶ್ವರ
೧೫ ನವೆಂಬರ್ ೨೦೨೪

ಭಾಗ್ಯಾ,

ತಾಯಿ ಬರೆದದ್ದನ್ನು ಪರರಿಗೆ ತೋರಿಸುವುದನ್ನೂ ಅಲ್ಲಿಯೇ ಕಲಿಸಿದರೇನು? ನನಗೆ ಐವತ್ತಾಯಿತು. ಈ ವಯಸ್ಸಿನಲ್ಲಿ ಮೈ ಇಳಿಯುತ್ತದೆ, ಚಳಿ ಹತ್ತುತ್ತದೆ, ಇದಕ್ಕೆಲ್ಲ ಡಾಕ್ಟರು ಬೇಕಾಗಿಲ್ಲ. ನನ್ನ ಅವ್ವನೂ ಕೊನೆಗೆ ಬತ್ತಿಯ ಹಾಗೆ ಆಗಿದ್ದಳು.

ನಿನ್ನದನ್ನು ನೀನು ನೋಡಿಕೊ. ನನ್ನ ತಟ್ಟೆಯೊಳಗೆ ಇಣುಕಬೇಡ.

ಜೋಳ ಬಿತ್ತಿ ಆಯಿತು. ಎಮ್ಮೆ ಗಬ್ಬ ಇದೆ.

ಅವ್ವ


ಇಂಡಿ
೧೪ ಡಿಸೆಂಬರ್ ೨೦೨೪

ಅವ್ವಾ,

ಹೋದ ವಾರ ಅಪ್ಪ ಬಂದಿದ್ದರು. ಬಂದವರು ಕುರ್ಚಿಯ ತುದಿಯ ಮೇಲೆ ಕೂತು ಟೋಪಿ ತಿರುವುತ್ತ ಇದ್ದರು. ಅವ್ವ ಹೇಗಿದ್ದಾಳೆ ಅಂದೆ. "ಆರಾಮ ಅದಾಳ" ಅಂದರು. "ಅಪ್ಪಾ, ನನ್ನ ಮುಖಾ ನೋಡಿ ಹೇಳು" ಅಂದೆ. ಆಗ ಹೇಳಿದರು. "ಬಾಗೇವಾಡಿ ಬಸವಣ್ಣನ ಮುಂದ ಹರಕಿ ಹೊತ್ತಾಳವ್ವಾ. ನೀ ತಟ್ಟಿ ತುಂಬ ಉಣ್ಣೂತನಕ ದಿನಕ್ಕ ಒಂದ ಹೊತ್ತು, ಅದೂ ಉಪ್ಪಿಲ್ಲದ್ದು. ಈಗೀಗ ಅದನ್ನೂ ಅರ್ಧಾ ಮಾಡ್ಯಾಳ. ನಾ ಹೇಳೇನಿ ಅನ್ನಬ್ಯಾಡ ಮತ್ತ." ನನಗೆ ಕೇಳಿಸುವ ಹಾಗೆ ಅಪ್ಪ ಅತ್ತದ್ದು ಅದೇ ಮೊದಲು.

ಅವ್ವಾ, ಆವತ್ತಿನಿಂದ ಒಳಗಿನ ದನಿಗೆ ಹೊಸ ಮಾತು ಸಿಕ್ಕಿದೆ. ಮೊದಲು ಹೊಟ್ಟೆಬಾಕಿ ಅನ್ನುತ್ತಿತ್ತು. ಈಗ "ನಿಮ್ಮವ್ವ ಅಲ್ಲಿ ಉಪವಾಸ ಅದಾಳ, ನೀ ಇಲ್ಲಿ ರೊಟ್ಟಿ ಮುರೀತಿ?" ಅನ್ನುತ್ತದೆ. ಹೊಟ್ಟೆಬಾಕಿ ಅಂದಾಗ ಮೇಡಂ ಪಕ್ಕದಲ್ಲಿದ್ದರೆ ಎದುರು ಮಾತಾಡುತ್ತಿದ್ದೆ. ಇದಕ್ಕೆ ಏನು ಹೇಳಲಿ? ಇದು ಖರೆ ಇದೆಯಲ್ಲ.

ಅನೀಲಕುಮಾರ ಸರ್ ತಟ್ಟೆ ಸಣ್ಣದು ಮಾಡಿ ನೋಡಿದರು, ಹೊತ್ತು ಹೆಚ್ಚು ಮಾಡಿ ನೋಡಿದರು. ಗಂಟಲಲ್ಲಿ ಇಳಿಯಲೊಲ್ಲದು. ಅವರಿಬ್ಬರೂ ಬಾಗಿಲ ಹೊರಗೆ ಮಾತಾಡುವುದು ನನಗೆ ಕೇಳಿಸಿತು. "ಸರ್, ಇದು ನಿಮ್ಮ ತಟ್ಟಿಯಾಗ ಬಗಿಹರಿಯೂದಲ್ಲ. ತಾಯಿದು ಮೊದಲ ಬಿಡಸಬೇಕು" ಅಂದರು ಮೇಡಂ. "ಖರೇನ್ರಿ ಮೇಡಂ. ಆದ್ರ ಬಿಡಸೂತನಕ ಈ ಹುಡಿಗಿದು ಎದಿ ಬಡಿತ ನಿಲ್ಲಬಾರದಲ್ರಿ? ಅದಕ್ಕ ಅನ್ನಾನ ಬೇಕು" ಅಂದರು ಸರ್. ಇಬ್ಬರೂ ಹೇಳಿದ್ದು ಸರಿಯೇ. ನಡುವೆ ನಾನು ಕೂತಿದ್ದೇನೆ.

ಹರಕೆ ಬಿಡು. ನಿನ್ನ ಕಾಲು ಹಿಡಿಯುತ್ತೇನೆ.

ಭಾಗ್ಯಾ


ಇಂಗಳೇಶ್ವರ
೩೧ ಡಿಸೆಂಬರ್ ೨೦೨೪

ಮುದ್ದು ಮಗಳೇ,

ನಿನ್ನ ಪತ್ರ ಓದಿದ ದಿನವೇ ಹರಕೆ ಬಿಟ್ಟೆ. ಇನ್ನು ನೀನು ಚಿಂತೆ ಮಾಡುವುದು ಬೇಡ.

ನಿನ್ನೆ ಎಳ್ಳ ಅಮಾವಾಸ್ಯೆ. ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ನಿಮ್ಮಪ್ಪ ಜೋಳದಲ್ಲಿ ತಿರುಗಾಡಿ ಮಾಡಿದ ಅಡುಗೆಯನ್ನು ಭೂಮಿತಾಯಿಗೆ ಚರಗ ಚೆಲ್ಲಿದರು. ಬನ್ನಿಗಿಡದ ಕೆಳಗೆ ಎಲ್ಲರೂ ಸಾಲಾಗಿ ಕೂತೆವು. ನಾನು ಎರಡು ಸಜ್ಜಿ ಕಡುಬು ಉಂಡೆ, ತುಪ್ಪ ಹಾಕಿಕೊಂಡು. ಎಣ್ಣೆಗಾಯಿ ಬದನೆಕಾಯಿ ಒಂದೂವರೆ. ಪುಂಡಿಪಲ್ಯ ಹುಳಿ ಮುಂದಾಗಿತ್ತು, ಆದರೂ ಎರಡು ಸಲ ಹಾಕಿಸಿಕೊಂಡೆ. ಶೇಂಗಾ ಹೋಳಿಗೆ ಒಂದು, ಅದರ ಅಂಚು ಸ್ವಲ್ಪ ಸೀದಿತ್ತು. ಅನ್ನ ಮೊಸರು. ಉಪ್ಪಿನಕಾಯಿಯ ಲಿಂಬೆ ನಿಮ್ಮ ಇಂಡಿಯದೇ, ಚಿಗವ್ವ ಕಳಿಸಿದ್ದು. ಉಂಡು ಅಲ್ಲೇ ಗಿಡದ ಕೆಳಗೆ ಮಲಗಿಬಿಟ್ಟೆ. ನಿಮ್ಮಪ್ಪ "ಏ ಏಳ, ಹೊಟ್ಟಿ ಭಾರ ಆತೇನು?" ಎಂದು ಎಬ್ಬಿಸಿದರು.

ಈಗ ನಿನ್ನ ಮನಸ್ಸು ಹಗುರಾಯಿತಲ್ಲ? ನಾನು ಉಂಡೆ. ಇನ್ನು ನಿನ್ನ ಪಾಳಿ.

ಅವ್ವ


ಇಂಡಿ
೧೧ ಜನವರಿ ೨೦೨೫

ಅವ್ವಾ,

ಅಕ್ಷರ ಸೊಟ್ಟಗಿದ್ದರೆ ಬೇಸರ ಮಾಡಿಕೊಳ್ಳಬೇಡ. ಮಲಗಿಕೊಂಡೇ ಬರೆಯುತ್ತಿದ್ದೇನೆ.

ನೀನು ಉಂಡಿಲ್ಲ. ಹೊಲಕ್ಕೆ ಹೋದದ್ದು ಖರೆ. ಮಲಗಿದ್ದೂ ಖರೆ ಇರಬೇಕು, ಸೋತು ಮಲಗಿರುತ್ತೀ. ಉಂಡದ್ದು ಮಾತ್ರ ಸುಳ್ಳು.

ಹೇಗೆ ತಿಳಿಯಿತು ಎಂದು ಕೇಳುತ್ತೀಯಾ? ಖರೆ ಉಂಡವರಿಗೆ ಇಷ್ಟು ನೆನಪಿರುವುದಿಲ್ಲ. ಚಿಗವ್ವನನ್ನು ನಿನ್ನೆ ಏನು ಉಂಡೆ ಎಂದು ಕೇಳಿದರೆ "ಅಯ್ಯ, ಏನೋ ಉಂಡ್ನೆವಾ, ಯಾರಿಗ್ಗೊತ್ತು" ಅನ್ನುತ್ತಾಳೆ. ನಾನು ಕಾಲೇಜಿನಿಂದ ಬಂದು ಗೆಳತಿಯ ಮನೆಯಲ್ಲಿ ಉಂಡೆ ಎಂದು ನಿನಗೆ ಹೇಳುತ್ತಿದ್ದೆನಲ್ಲ, ಆಗ ಪಲ್ಯ ಯಾವುದು, ಖಾರ ಹೆಚ್ಚಾಗಿತ್ತೋ ಇಲ್ಲವೋ ಎಲ್ಲ ಹೇಳುತ್ತಿದ್ದೆ. ಹೋಳಿಗೆಯ ಅಂಚು ಸೀದಿತ್ತು ಎಂದು ನಾನೂ ಹೇಳಿದ್ದೇನೆ. ಅದನ್ನು ನೀನು ನಂಬಿದ್ದೆ. ನಾನು ನಂಬುವುದಿಲ್ಲ. ಹಸಿದವರು ಪಕ್ಕದವರ ತಟ್ಟೆಯನ್ನು ಹೇಗೆ ನೋಡುತ್ತಾರೆಂದು ನನಗೆ ಗೊತ್ತು.

ನಿನ್ನ ಪಾಳಿ ಅಂದಿದ್ದೀ. ನಾವಿಬ್ಬರೂ ಒಬ್ಬರಿಗೊಬ್ಬರು ಸುಳ್ಳು ಹೇಳುತ್ತ ಕೂತರೆ ಚಿಗವ್ವ ಒಂದು ದಿನ ಇಬ್ಬರಿಗೂ ಕೂಡಿಯೇ ಮಣ್ಣು ಕೊಡಬೇಕಾದೀತು.

ಭಾಗ್ಯಾ


ಇಂಗಳೇಶ್ವರ
೨೪ ಜನವರಿ ೨೦೨೫

ಭಾಗ್ಯಾ,

ಹೌದು, ಉಣ್ಣಲಿಲ್ಲ. ಕಡುಬು ಮುರಿದು ಸೆರಗಿನ ಮರೆಯಲ್ಲಿ ಎತ್ತಿನ ಮುಂದೆ ಹಾಕಿದೆ.

ಇನ್ನು ಮುಚ್ಚುಮರೆ ಮಾಡುವುದಿಲ್ಲ. ನಿನ್ನನ್ನು ಇಂಡಿಗೆ ಕರೆದುಕೊಂಡು ಹೊರಟ ದಿನ ಮುಂಜಾನೆ ಬಾಗೇವಾಡಿಯ ಗುಡಿಗೆ ಹೋಗಿ ಸೆರಗೊಡ್ಡಿದೆ. "ಆಕಿ ಬಾಯಿ ತೆಗಸು ತಂದೆ, ನನ್ನ ಬಾಯಿ ಕಟ್ಟು" ಅಂದೆ. ಅದೇ ಸಂಜೆ ನೀನು ಚಿಗವ್ವನ ಕೈಯಿಂದ ಗಂಜಿ ಕುಡಿದೆ. ಎಷ್ಟೋ ದಿನದ ಮೇಲೆ. ನಾನು ಕಣ್ಣಾರೆ ಕಂಡೆ. ಇದನ್ನು ನಾನು ಏನೆಂದು ತಿಳಿಯಬೇಕು, ನೀನೇ ಹೇಳು. ಆವತ್ತಿನಿಂದ ನನ್ನ ಮುಂದೆ ತಟ್ಟೆ ಬಂದಾಗಲೆಲ್ಲ ನಿನ್ನ ಬಾಯಿಗೆ ಹೋಗಬೇಕಾದದ್ದನ್ನು ನಾನು ಕಸಿದುಕೊಂಡಂತೆ ಅನ್ನಿಸುತ್ತದೆ. ಹರಕೆ ಮುರಿದೆನೆಂದು ಅವನು ಮುನಿದು ನಿನ್ನನ್ನು ಕರೆದುಕೊಂಡರೆ? ಆಮೇಲೆ ನಾನು ಯಾವ ಬಾಯಿಂದ ಉಣ್ಣಲಿ?

ಮಠದ ಅಜ್ಜಾರನ್ನು ಹೋಗಿ ಕೇಳು ಎಂದು ನಿಮ್ಮಪ್ಪ ಬೈದರು. "ನೀ ಸತ್ತು ಮಗಳನ್ನ ಉಳಸ್ತೀ ಏನ ಹುಚ್ಚಿ? ಆಕಿ ಅಲ್ಲಿ ನಿನ್ನ ಚಿಂತ್ಯಾಗ ಸಾಯಾಕತ್ತಾಳ" ಅಂದರು. ಮಠದ ಕಟ್ಟೆಯತನಕ ಹೋದೆ. ಅಜ್ಜಾರು ಒಳಗೆ ಪೂಜೆಗೆ ಕೂತಿದ್ದರು. ಅಲ್ಲಿಂದಲೇ ತಿರುಗಿ ಬಂದೆ. ಯಾಕೆ ಗೊತ್ತೇ? ಬಿಡು ಎಂದು ಅವರು ಹೇಳಿಬಿಟ್ಟಾರು ಎಂಬ ಅಂಜಿಕೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮೊದಮೊದಲು ಹೊಟ್ಟೆ ಸುಡುತ್ತಿತ್ತು. ಈಗ ಹಗುರವಾಗಿರುತ್ತದೆ. "ತಾಯಿ ಅಂದ್ರ ಹಿಂಗಿರಬೇಕು" ಎಂದು ಹರಕೆಯ ಸುದ್ದಿ ತಿಳಿದ ಹೆಂಗಸರು ನನ್ನನ್ನು ತೋರಿಸಿ ಸೊಸೆಯಂದಿರಿಗೆ ಹೇಳುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ಹಿತ ಅನ್ನಿಸುತ್ತದೆ. ದೇವರಿಗಲ್ಲ ಎಂದು ನೀನು ಬರೆದಿದ್ದ ಸಾಲನ್ನು ಮತ್ತೆ ತೆಗೆದು ಓದಿದೆ. ಈ ಸಲ ಓದಿದೆ.

ಆದರೂ ಬಿಡಲು ಧೈರ್ಯವಿಲ್ಲ. ನಾನೇನು ಮಾಡಲಿ ಹೇಳು.

ಅವ್ವ


ಇಂಡಿ
೩ ಫೆಬ್ರುವರಿ ೨೦೨೫

ಅಕ್ಕಾ, ನಿನ್ನ ತಂಗಿ ವಿಜಯಲಕ್ಷ್ಮಿ ಬರೆಯುವುದು. ಭಾಗ್ಯಾ ಹೇಳುತ್ತಿದ್ದಾಳೆ, ನಾನು ಬರೆಯುತ್ತಿದ್ದೇನೆ. ಅವಳ ಕೈಗೆ ಸಲಾಯನ್ ಹಚ್ಚಿದ್ದಾರೆ. ಮೊನ್ನೆ ಬಚ್ಚಲಲ್ಲಿ ಬಿದ್ದಳು. ಎದೆ ಬಡಿತ ತೀರ ನಿಧಾನ ಆಗಿದೆ ಎಂದು ದವಾಖಾನೆಯಲ್ಲಿ ಇಟ್ಟುಕೊಂಡಿದ್ದಾರೆ. ಅವಳು ಹೇಳಿದ್ದು ಇಷ್ಟೇ:

ಅವ್ವಾ, ನೋಡಲು ಬರಬೇಡ. ಬರುವುದಾದರೆ ಉಂಡು ಬಾ.


ಇಂಗಳೇಶ್ವರ
೨೭ ಫೆಬ್ರುವರಿ ೨೦೨೫

ಭಾಗ್ಯಾ,

ನೀನು ಇನ್ನೂ ದವಾಖಾನೆಯಲ್ಲಿರುವಾಗ ನನ್ನನ್ನು ಊರಿಗೆ ಕಳಿಸಿದರು. ಎಮ್ಮೆ ಈದಿದೆ, ಹೆಣ್ಣುಗರು. ನನಗೆ ಮಾತಿಗಿಂತ ಬರೆಯುವುದೇ ಈಗ ಸಲೀಸು, ಅದಕ್ಕೇ ಬರೆಯುತ್ತಿದ್ದೇನೆ. ನಾನು ದವಾಖಾನೆಗೆ ನಿನ್ನನ್ನು ನೋಡಲು ಬಂದೆನಲ್ಲ. ಆವತ್ತು ನೀನು ಮುಖ ಗೋಡೆಗೆ ಮಾಡಿದ್ದೆ.

ಉಂಡು ಬಾ ಎಂದು ನೀನು ಹೇಳಿದ್ದೆ. ನಾನು ಉಣ್ಣದೆಯೇ ಬಂದಿದ್ದೆ. ಸಿಂದಗಿಯಲ್ಲಿ ಬಸ್ಸು ಬದಲಿಸುವಾಗ ನಿಮ್ಮಪ್ಪ ಇಡ್ಲಿ ತಂದು ಕೈಯಲ್ಲಿಟ್ಟರು. ಇಂಡಿಯತನಕ ಆ ಪೊಟ್ಟಣವನ್ನು ಉಡಿಯಲ್ಲಿ ಹಿಡಿದುಕೊಂಡು ಕೂತೆ. ಅದನ್ನು ನೋಡಿಯೇ ಅಫ್ರೀನ ಮೇಡಂಗೆ ಎಲ್ಲ ತಿಳಿಯಿತು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. "ಅವ್ವಾರ, ಇವತ್ತ ನಿಮ್ಮಿಬ್ಬರಿಗೂ ಒಂದ ಮೇಜು" ಅಂದರು.

"ಮೇಡಂ, ನಾ ಉಂಡ್ರ ಈಕಿಗೆ ಏನರ ಆದೀತು" ಅಂದೆ. "ನನಗ ನಿಮ್ಮ ದೇವರ ಬಗ್ಗೆ ಹೇಳೂ ಹಕ್ಕಿಲ್ರಿ ಅವ್ವಾರ. ನೀವು ಉಣ್ಣದಿದ್ದಕ್ಕ ಈಕಿಗೆ ಏನಾಗೇತಿ ಅನ್ನೂದು ಇಲ್ಲೇ ಮಲಗೇತಿ ನೋಡ್ರಿ" ಎಂದು ನಿನ್ನ ಕಡೆ ಕೈ ಮಾಡಿದರು. ಅನೀಲಕುಮಾರ ಸರ್ ಎರಡೂ ತಟ್ಟೆಗೆ ತಾವೇ ಬಡಿಸಿದರು. "ಅವ್ವಾರ, ನೀವೂ ಸಾವಕಾಶ. ಭಾಳ ದಿನಾ ಬಿಟ್ಟವರು ಒಮ್ಮೆಲೇ ಉಣಬಾರದು" ಎಂದು ನನ್ನ ತಟ್ಟೆಯಿಂದ ಅರ್ಧ ಅನ್ನ ತೆಗೆದರು. ನಿನಗೆ ಹೇಳುವ ಮಾತನ್ನೇ ನನಗೂ ಹೇಳಿದರು.

ನಾನು ಲಿಂಗವನ್ನು ಅಂಗೈಯಲ್ಲಿ ಹಿಡಿದೆ. ಏನು ಬೇಡಿದೆ ಎಂದು ಈಗ ಹೇಳುತ್ತೇನೆ. ಮಾತಿಗೆ ತಪ್ಪಿದವಳು ನಾನು, ದಂಡ ಹಾಕುವುದಿದ್ದರೆ ನನಗೆ ಹಾಕು, ಅವಳನ್ನು ಮುಟ್ಟಬೇಡ ಅಂದೆ. ಹರಕೆ ಹೊರುವಾಗ ಇದ್ದ ಭಕ್ತಿ ಆಗ ಇರಲಿಲ್ಲ. ಬರೀ ಹೆದರಿಕೆ ಇತ್ತು.

ಮೊದಲ ತುತ್ತಿನಲ್ಲಿ ಉಪ್ಪು ನಾಲಿಗೆಗೆ ಹತ್ತಿ ಕಣ್ಣಲ್ಲಿ ನೀರು ಬಂತು. ನೀನು ಗೋಡೆಯಿಂದ ತಿರುಗಿದೆ. ನನ್ನ ಮುಖ ನೋಡಲಿಲ್ಲ, ಗಂಟಲು ನೋಡಿದೆ. ನುಂಗುತ್ತಾಳೋ ಇಲ್ಲವೋ ಎಂದು. ಕೂಸಾಗಿದ್ದಾಗ ನಿನಗೆ ಉಣಿಸುತ್ತ ನಾನು ನಿನ್ನ ಗಂಟಲನ್ನು ಹಾಗೇ ನೋಡುತ್ತಿದ್ದೆ. ನಾನು ನುಂಗಿದೆ. ನೀನು ಆಮೇಲೆ ನಿನ್ನ ತಟ್ಟೆಗೆ ಕೈ ಹಾಕಿದೆ.

ನಾಲ್ಕು ತುತ್ತು ಹೋಗಿತ್ತೋ ಏನೋ, ನೀನು ತಟ್ಟೆ ದೂಡಿ "ಸಾಕು, ಎದ್ದು ಹೋಗ ನೀ! ನಿನ್ನ ಮುಂದ ನನಗ ಇಳಿಯೂದಿಲ್ಲ" ಎಂದು ಚೀರಿದೆ. ಆ ಮಾತು ಇನ್ನೂ ಎದೆಯಲ್ಲಿ ನಟ್ಟಿದೆ, ಇಲ್ಲ ಅನ್ನುವುದಿಲ್ಲ. ನೀನು ಬಿಟ್ಟದ್ದನ್ನು ನೋಡಿ ರೂಢಿಯಂತೆ ಕೈ ಚಾಚಿದೆ, ಪ್ರಸಾದ, ಉಳಿಯಬಾರದು, ನಾನೇ ಉಂಡು ತೊಳೆದು ಕುಡಿದುಬಿಡೋಣ ಎಂದು. ಮೇಡಂ ನನ್ನ ಕೈ ಹಿಡಿದರು. "ಅದು ಆಕಿದ್ರಿ. ಇರ್ಲಿ ಬಿಡ್ರಿ, ಕಾಣ್ಲಿ" ಅಂದರು.

ಹುಟ್ಟಿದಂದಿನಿಂದ ಅನ್ನ ಉಳಿದ ತಟ್ಟೆಯ ಮುಂದೆ ನಾನು ಕೂತವಳಲ್ಲ. ಆವತ್ತು ಕೂತೆ. ಅರ್ಧ ರೊಟ್ಟಿ, ಅಂಚಿಗೆ ಸರಿಸಿದ ಬೇಳೆ, ಕೈ ಹಚ್ಚದ ಅನ್ನ. ನೀನು ಎಷ್ಟು ಉಂಡಿದ್ದೀ, ಎಷ್ಟು ಬಿಟ್ಟಿದ್ದೀ ಎಂದು ಇಷ್ಟು ವರ್ಷದಲ್ಲಿ ನನಗೆ ಕಣ್ಣಿಗೆ ಕಂಡದ್ದು ಅದೇ ಮೊದಲು. ಸ್ವಚ್ಛ ತಟ್ಟೆ ನನಗೆ ಏನನ್ನೂ ಹೇಳಿರಲಿಲ್ಲ.

ಹೊರಡುವಾಗ ಮೇಡಂ ಸುಳ್ಳು ಧೈರ್ಯ ಕೊಡಲಿಲ್ಲ. ನಿನ್ನ ಎದೆ ಬಡಿತ ಇನ್ನೂ ದಾರಿಗೆ ಬಂದಿಲ್ಲ, ವರ್ಷ ಹಿಡಿಯಬಹುದು, ಏಳಬಹುದು, ಮತ್ತೆ ಬೀಳಬಹುದು ಅಂದರು. ನನಗೂ ಬಾಗೇವಾಡಿಯಲ್ಲಿ ರಕ್ತ ತಪಾಸಣೆ ಮಾಡಿಸಲು ಹೇಳಿದ್ದಾರೆ. ವಾರಕ್ಕೊಮ್ಮೆ ಫೋನಿನಲ್ಲಿ ನನ್ನ ಜೋಡಿಯೂ ಮಾತಾಡುತ್ತಾರಂತೆ. ಮಾತಿನ ಡಾಕ್ಟರು ಬೇಡ ಎಂದವಳಿಗೆ ಬಂದ ಪಾಳಿ ನೋಡು.

ಇಲ್ಲಿ ಫೋನ್ ಗಂಟೆಯಾದರೆ ಮೊದಲು ದೇವರ ಮಾಡದ ಕಡೆ ನೋಡುತ್ತೇನೆ. ಚಿಗವ್ವ ಬೇರೆ ಏನೋ ಹೇಳಲು ಹಚ್ಚಿರುತ್ತಾಳೆ. ಪ್ರತಿ ಸಲವೂ, ಓ, ಬಸವಣ್ಣ ಲೆಕ್ಕ ತೀರಿಸಿದ ಎಂದೇ ಅಂದುಕೊಳ್ಳುತ್ತೇನೆ. ಹೆಂಗಸರು ಈಗ ನನ್ನನ್ನು ಸೊಸೆಯಂದಿರಿಗೆ ತೋರಿಸುವುದಿಲ್ಲ. ನಿನ್ನೆ ಶಿವರಾತ್ರಿ. ಊರಿಗೆ ಊರೇ ಉಪವಾಸ ಇತ್ತು. ನಾನು ಮಧ್ಯಾಹ್ನ ಬಾಗಿಲು ತೆರೆದಿಟ್ಟುಕೊಂಡೇ ಕೂತು ಉಂಡೆ. ಪಕ್ಕದ ಮನೆಯ ಕಾಂತುವಿನ ಅವ್ವ ದಾರಿಯಲ್ಲಿ ನಿಂತು ನೋಡಿ "ಇವತ್ತೂ ಏನ್ರೀ ಅಕ್ಕಾರ?" ಅಂದಳು. "ಇವತ್ತೂ" ಅಂದೆ. ನಿನ್ನೆ ಉಂಡದ್ದರಲ್ಲಿ ಒಂದೊಂದು ತುತ್ತೂ ನೆನಪಿದೆ. ಹೇಗೆ ಮರೆಯಲಿ, ಒಂದೊಂದಕ್ಕೂ ನಿನ್ನ ಹೆಸರು ಹೇಳಿ ಕ್ಷಮೆ ಕೇಳಿದ್ದೇನೆ.

ಇವತ್ತೂ ಉಂಡೆ. ನಾಲ್ಕು ಗಂಟೆಗೆ ನಿನಗೆ ಬರೆಯಲು ಕೂತೆ. ಉಂಡದ್ದೇನು ಎಂದು ಬರೆಯೋಣವೆಂದು ಆಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಅನ್ನ ಇತ್ತು. ಮತ್ತೇನೋ ಇತ್ತು. ನೆನಪಿಗೆ ಬರಲೊಲ್ಲದು.

ನಿನ್ನ ಅವ್ವ